ಚಳಿಗಾಲದ ಮಾವಿನ ವಾಸನೆ

ಐದು ವರ್ಷ ನಾನು ನಿಮ್ಮ ಅವ್ವನ ಕೆಲಸದ ಬಗ್ಗೆ ಊರಿಗೆಲ್ಲ ಒಂದೇ ಸುಳ್ಳು ಹೇಳಿದೆ. ಮಗಳು ಏನು ಮಾಡುತ್ತಾಳೆ ಎಂದು ಯಾರು ಕೇಳಿದರೂ, "ಬೆಳಗಾವ್ಯಾಗ ಹಾಲಿನ ಡೇರಿಯೊಳಗ ಅದಾಳ್ರಿ, ಹಾಲು ಪರೀಕ್ಷಾ ಮಾಡತಾಳ" ಎನ್ನುತ್ತಿದ್ದೆ. ಅವಳು ಇದ್ದದ್ದು ಬಿಯರನ್ನು ತಾವೇ ತಯಾರಿಸಿ ಬಡಿಸುವ ಒಂದು ಹೋಟೆಲಿನಲ್ಲಿ. ಧಾರವಾಡದಲ್ಲಿ ಅವಳು ಕಲಿತದ್ದು ಕಣ್ಣಿಗೆ ಕಾಣದ ಜೀವಿಗಳ ವಿದ್ಯೆ. ಮೊಸರು ಹೆಪ್ಪುಗಟ್ಟುವುದು, ದೋಸೆ ಹಿಟ್ಟು ಉಬ್ಬುವುದು, ಎಲ್ಲ ಅದೇ ವಿದ್ಯೆಯೊಳಗೆ ಬರುತ್ತದಂತೆ. ಬಿಯರೂ ಬರುತ್ತದೆ ಎಂದು ನನಗೆ ಆಗ ಗೊತ್ತಿರಲಿಲ್ಲ.

ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ಮುರಗೋಡದ ಮಠಕ್ಕೆ ನಡೆದುಕೊಳ್ಳುವವರು. ನಿಮ್ಮ ಅಜ್ಜ ಚಹಾವನ್ನೂ ದಿನಕ್ಕೆ ಎರಡೇ ಸಲ ಕುಡಿಯುತ್ತಿದ್ದರು. ಅವರು ತೀರಿಕೊಂಡ ಎರಡನೆಯ ವರ್ಷ ಅವಳು ಬಂದು ತನ್ನ ಕೆಲಸದ ವಿಷಯ ಹೇಳಿದಳು. ನಾನು ಬೈಯಲಿಲ್ಲ. ಬೈದಿದ್ದರೇ ಒಳ್ಳೆಯದಿತ್ತೇನೋ. ನಾನು ಸುಮ್ಮನಾದೆ. ಅಂದಿನಿಂದ ಅವಳು ಬಂದಾಗಲೆಲ್ಲ ನಿಮ್ಮ ಸಾಲಿ, ನಿಮ್ಮ ನೆಗಡಿ, ನಿಮ್ಮಪ್ಪನ ವರ್ಗಾವಣೆ ಎಲ್ಲ ಮಾತಾಡುತ್ತಿದ್ದಳು. ಕೆಲಸದ ಬಗ್ಗೆ ಅವಳು ಹೇಳುತ್ತಿರಲಿಲ್ಲ, ನಾನು ಕೇಳುತ್ತಿರಲಿಲ್ಲ.

ಹೀಗಿರುವಾಗ ಹೋದ ವರ್ಷ ಸಂಕ್ರಾಂತಿ ಮುಗಿದು ನಾಲ್ಕೈದು ದಿನವಾಗಿರಬೇಕು, ಬೈಲಹೊಂಗಲದ ಕಡೆಯಿಂದ ಬರುವ ಬೆಳಗಿನ ಬಸ್ಸಿಗೆ ಅವಳು ಒಬ್ಬಳೇ ಇಳಿದಳು. ನೀವು ಪರೀಕ್ಷೆ ಇದೆಯೆಂದು ನಿಮ್ಮಪ್ಪನ ಹತ್ತಿರ ಉಳಿದಿದ್ದಿರಿ. ಅವಳ ಕೈಯಲ್ಲಿ ಎರಡು ದೊಡ್ಡ ಚೀಲ, ಒಂದು ಬಿಳಿ ಪ್ಲಾಸ್ಟಿಕ್ ಡ್ರಮ್ಮು. ಎರಡು ಕೊಡ ನೀರು ಹಿಡಿಯುವಷ್ಟು ದೊಡ್ಡದು. ಚಹಾ ಕುಡಿಯುವ ತನಕ ಏನೂ ಹೇಳಲಿಲ್ಲ. ಬಟ್ಟಲು ಕೆಳಗಿಟ್ಟು, "ಯವ್ವಾ, ನಿನ್ನ ಕತ್ತಲ ಕ್ವಾಣಿ ಮೂರ ವಾರ ನನಗ ಬೇಕಾಗೇತಿ" ಎಂದಳು.

"ಜ್ವಾಳದ ಚೀಲ ಅದಾವಲ್ಲ ಅಲ್ಲೆ."

"ಅವು ಇರಲಿ. ಮೂಲ್ಯಾಗ ಈ ಡ್ರಮ್ಮಿಗಿ ಜಾಗಾ ಆದ್ರ ಸಾಕು. ನಮ್ಮ ಬಾಡಿಗಿ ಮನಿ ಕಾಂಕ್ರೀಟಿಂದು, ಹಗಲ ಹೊತ್ತು ಒಲಿ ಆದಂಗ ಆಗತೈತಿ. ಇದು ತಂಪು ಇರಬೇಕು. ನಮ್ಮ ಮಣ್ಣಿನ ಮಾಳಿಗಿ ಮನಿ ಹಂಗ."

ಆಮೇಲೆ ಎಲ್ಲ ಹೇಳಿದಳು. ಐದು ವರ್ಷದಿಂದ ಅವಳು ಆ ಹೋಟೆಲಿನಲ್ಲಿ ಮಾಡುತ್ತಿದ್ದದ್ದು ಹೆಚ್ಚಾಗಿ ಟ್ಯಾಂಕು ತೊಳೆಯುವುದು, ಬೇರೆಯವರು ಹೇಳಿದ್ದನ್ನು ಅಳೆದು ಹಾಕುವುದು. ಬಿಯರು ತಯಾರಿಸುವ ಮುಖ್ಯಸ್ಥ ಕೆಲಸ ಬಿಟ್ಟು ತನ್ನ ಊರಿಗೆ ಹೋಗುವವನಿದ್ದ. ಆ ಜಾಗಕ್ಕೆ ಪುಣೆಯಿಂದ ಒಬ್ಬ ಗಂಡಸನ್ನು ಕರೆಸಬೇಕೆಂದು ಮಾಲಕರು ಮಾತಾಡಿದ್ದರು. ಇವಳು ಹೋಗಿ ಕೇಳಿದ್ದಳು. ಮಾಲಕರು, ನೀನೇ ಒಂದು ಬಿಯರು ಮಾಡಿ ತಂದು ತೋರಿಸು, ನನಗೆ ಸರಿಕಂಡರೆ ನಿನಗೆ ಟ್ಯಾಂಕು ಬಿಟ್ಟುಕೊಡುತ್ತೇನೆ, ಇಲ್ಲದಿದ್ದರೆ ಪುಣೆಯವನು ಬರುತ್ತಾನೆ ಎಂದಿದ್ದರು. ಕಾಗದಪತ್ರದ ಜವಾಬ್ದಾರಿ ಅವರೇ ವಹಿಸಿಕೊಂಡಿದ್ದರಂತೆ. ನಾನು ಪೊಲೀಸರ ಮಾತು ಎತ್ತಿದ್ದಕ್ಕೆ ಅವಳು ಮೊದಲು ಅದನ್ನೇ ಹೇಳಿದಳು.

"ಒಂದ ಸಲ ಅಷ್ಟ ಯವ್ವಾ. ಎರಡನೇದ್ದು ಇಲ್ಲ," ಎಂದಳು. ನನ್ನ ಮುಖ ನೋಡದೆ ಡ್ರಮ್ಮಿನ ಮುಚ್ಚಳವನ್ನು ತಿರುಗಿಸುತ್ತ ಹೇಳಿದಳು.

ನಾನು ಎದ್ದು ಹೋಗಿ ಕತ್ತಲ ಕೋಣೆಯ ಮೂಲೆ ಗುಡಿಸಿದೆ. ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ.

ಮೊದಲ ದಿನದ ಕೆಲಸ ಅಡಿಗೆಯಂತೆಯೇ ಇತ್ತು. ಜವೆಗೋಧಿಯನ್ನು ಮೊಳಕೆ ಬರಿಸಿ ಒಣಗಿಸಿ ಒಡೆದದ್ದನ್ನು ಅವಳು ತಂದಿದ್ದಳು. ಹೋಳಿಗೆಗೆ ಬೇಳೆ ಬೇಯಿಸುವ ನಮ್ಮ ದೊಡ್ಡ ಪಾತ್ರೆಯಲ್ಲಿ ಬಿಸಿನೀರಿಗೆ ಅದನ್ನು ಹಾಕಿ, ಒಂದು ತಾಸು ಮುಚ್ಚಿಟ್ಟು, ಸೋಸಿ, ಆ ರಸವನ್ನು ಕುದಿಸಿದೆವು. ಮನೆಯೆಲ್ಲ ಪುಟಾಣಿ ಕಡಲೆ ಹುರಿದಂತಹ ವಾಸನೆ. ಒಂದು ಚಮಚ ನನಗೆ ಕೊಟ್ಟಳು. "ಇದಕ್ಕಿನ್ನೂ ಏನೂ ಆಗಿಲ್ಲ, ಬರೇ ಕಾಳಿನ ರಸ" ಎಂದಳು. ಕಬ್ಬಿನ ಹಾಲು ಕಾಯಿಸಿದಂತೆ ಸಿಹಿಯಾಗಿತ್ತು. ಕುದಿಯುವಾಗ ಅವಳು ಒಂದು ಚಿಟಿಕೆಯಷ್ಟು ಹಸಿರು ಗುಳಿಗೆ ಹಾಕಿದಳು. ಆಮೇಲೆ ಚಮಚದಲ್ಲಿ ಕೊಟ್ಟದ್ದು ಬೇವಿನ ಹೂವಿನಂತೆ ಕಹಿಯಾಗಿತ್ತು.

ಆರಿಸಿ, ಡ್ರಮ್ಮಿಗೆ ತುಂಬಿ, ಅದಕ್ಕೆ ಈಸ್ಟು ಉದುರಿಸಿ ಮುಚ್ಚಳ ಬಿಗಿದಳು. ಮುಚ್ಚಳದ ಮೇಲೆ ನೀರು ತುಂಬಿದ ಒಂದು ಸಣ್ಣ ಕೊಳವೆ. ಒಳಗಿನ ಗಾಳಿ ಹೊರಗೆ ಬರುತ್ತದೆ, ಹೊರಗಿನದು ಒಳಗೆ ಹೋಗುವುದಿಲ್ಲ. ಡ್ರಮ್ಮಿನ ಸುತ್ತ ಒದ್ದೆ ಗೋಣಿಚೀಲ ಸುತ್ತಿದೆವು. ಮರುದಿನ ನಾನು ಪೂಜೆಗೆ ಕೂತಾಗ ಕೋಣೆಯಿಂದ ಗುಳುಗುಳು ಸದ್ದು ಬರತೊಡಗಿತು. ನಿಮ್ಮ ಅವ್ವ ಓಡಿಹೋಗಿ ಗೋಣಿಚೀಲಕ್ಕೆ ಕಿವಿಯಿಟ್ಟು ಕೂತಳು. ಸಣ್ಣವಳಿದ್ದಾಗ ಎಮ್ಮೆಯ ಹೊಟ್ಟೆಗೆ ಹಾಗೆಯೇ ಕಿವಿಯಿಟ್ಟು ಕರು ಒದೆಯುವುದನ್ನು ಕೇಳುತ್ತಿದ್ದಳು.

ನಾಲ್ಕನೆಯ ದಿನ ಹೋಟೆಲಿನಿಂದ ಫೋನು ಬಂತು. ಅಲ್ಲಿಯ ಮುಖ್ಯಸ್ಥನಿಗೆ ಜ್ವರ ಬಂದು ಆಸ್ಪತ್ರೆ ಸೇರಿದ್ದ. ಇವಳು ಹೋಗಲೇಬೇಕಾಯಿತು. ಇಲ್ಲಿ ಗುಳುಗುಳು ಕಡಿಮೆಯಾದ ಮೇಲೆ ಮಾಡಬೇಕಾದ ಮುಖ್ಯ ಕೆಲಸ ಉಳಿದಿತ್ತು. ಅದನ್ನು ಯಾರು ಮಾಡಬೇಕು? ನನ್ನ ಬಿಟ್ಟರೆ ಯಾರೂ ಇರಲಿಲ್ಲ.

ಅವಳು ಒಂದು ಬೆಳ್ಳಿಬಣ್ಣದ ಪಾಕೀಟು ಕೈಗಿತ್ತು ವಿವರಿಸಿದಳು. ಒಳಗಿರುವುದು ಹಾಪ್ ಎಂಬ ಬಳ್ಳಿಯ ಹೂವು. ನಮ್ಮ ಕಡೆ ಬೆಳೆಯುವುದಿಲ್ಲ. ಒಣಗಿಸಿ, ಪುಡಿ ಮಾಡಿ, ಗುಳಿಗೆಯಾಗಿ ಒತ್ತಿರುತ್ತಾರೆ. ಕುದಿಯುವಾಗ ಹಾಕಿದರೆ ಕಹಿ ಕೊಡುತ್ತದೆ, ವಾಸನೆ ಹಬೆಯೊಡನೆ ಹಾರಿಹೋಗುತ್ತದೆ. ಬಿಯರು ತಣ್ಣಗಾಗಿ, ಹುದುಗು ಮುಗಿಯುತ್ತ ಬಂದಾಗ ಹಾಕಿದರೆ ಕಹಿ ಹೆಚ್ಚುವುದಿಲ್ಲ, ವಾಸನೆಯೆಲ್ಲ ಒಳಗೇ ಉಳಿಯುತ್ತದೆ. ಇದನ್ನು ಅವರು ಒಣ ಹಾಪು ಹಾಕುವುದು ಎನ್ನುತ್ತಾರೆ. ಹೋಟೆಲಿನ ಟ್ಯಾಂಕಿಗೆ ಅವಳು ಎಷ್ಟೋ ಸಲ ಬೇರೆಯವರ ಲೆಕ್ಕದಲ್ಲಿ ಸುರಿದಿದ್ದಳು. ಆದರೆ ಯಾವ ಹೂವು, ಎಷ್ಟು, ಎಷ್ಟು ದಿನ ಎಂದು ತಾನೇ ನಿರ್ಧರಿಸಿದ್ದು ಇದೇ ಮೊದಲು.

"ಪೂರ್ತಾ ಮೋಜು ಇರೂದ ಇದರಾಗ ಯವ್ವಾ. ವಾಸನಿ ಬಂದ್ರ ಬಂತು, ಇಲ್ಲಂದ್ರ ಅವರು ದಿನಾ ಕುಡಿಯೂದಕ್ಕ ಇದಕ್ಕ ಏನ ಫರಕು? ಸೋಮವಾರ ಹಾಕು. ನಾಲ್ಕ ದಿನಾ ಬಿಡು. ಶುಕ್ರವಾರ ನಾ ಬರತೇನಿ."

"ಸೋಮವಾರ ಆಗಂಗಿಲ್ಲ."

"ಯಾಕ?"

"ಸೋಮವಾರ ಎತ್ತಿಗಿ ನೊಗಾ ಹಚ್ಚಂಗಿಲ್ಲ, ಗೊತ್ತಿಲ್ಲೇನ ನಿನಗ? ಬಸವಣ್ಣನ ವಾರ. ಅಂಥಾ ದಿನಾ ನನ್ನ ಕೈಲೆ ಇದನ್ನ ಮಾಡಸ್ತೀ ಏನ?"

ಅವಳು ನಕ್ಕಳು. "ಆತ ಬಿಡವಾ. ಮಂಗಳವಾರ ಹಾಕು. ಶನಿವಾರ ಬರತೇನಿ." ಬಾಗಿಲ ತನಕ ಹೋದವಳು ತಿರುಗಿ ಬಂದಳು. "ಹೂವಿನ ಚೀಲಾ ಬಿಟ್ಟ ಮ್ಯಾಲೆ ಮುಚ್ಚಳಾ ಹಾಕಿ ಬಿಟ್ಟಬಿಡು. ಹಾಂ?"

ಹಾಂ ಎಂದೆ.

ಮಂಗಳವಾರ ಬೆಳಿಗ್ಗೆ ಜಳಕ ಮಾಡಿ, ಪೂಜೆ ಮುಗಿಸಿ, ಒಂದು ಪಾತ್ರೆಯಲ್ಲಿ ನೀರು ಕುದಿಯಲಿಟ್ಟೆ. ಅವಳು ಕೊಟ್ಟ ತೆಳುಬಟ್ಟೆಯ ಚೀಲವನ್ನು ಅದರಲ್ಲಿ ಕುದಿಸಿದೆ. ಚೀಲ ತೇಲದೆ ಮುಳುಗಲು ಭಾರ ಬೇಕಿತ್ತು, ಅದನ್ನು ಕೊಡುವುದನ್ನು ಅವಳು ಮರೆತಿದ್ದಳು. ಮನೆಯೆಲ್ಲ ಹುಡುಕಿದೆ. ಕಡೆಗೆ ಕಿಟಕಿಯಲ್ಲಿದ್ದ ನಿಮ್ಮ ಗುಂಡುಕಲ್ಲು ಕಣ್ಣಿಗೆ ಬಿದ್ದವು. ನವಿಲುತೀರ್ಥಕ್ಕೆ ಹೋದಾಗ ನೀವಿಬ್ಬರೂ ಹೊಳೆಯಲ್ಲಿ ಆರಿಸಿ ತಂದು, ಯಾರೂ ಮುಟ್ಟಬಾರದು ಎಂದು ನನಗೆ ತಾಕೀತು ಮಾಡಿ ಹೋದ ಕಲ್ಲುಗಳು ಅವು. ಮೂರು ಕಲ್ಲು ತೆಗೆದು ತಿಕ್ಕಿ ತೊಳೆದು, ಅವನ್ನೂ ಕಾಲು ತಾಸು ಕುದಿಸಿದೆ. ಬೇಸಿಗೆಯಲ್ಲಿ ನೀವು ಬಂದು ನಾಲ್ಕೇ ಯಾಕಿವೆ ಎಂದು ಜಗಳ ತೆಗೆದಾಗ, ಬೆಕ್ಕು ಉರುಳಿಸಿರಬೇಕು ಎಂದೆನಲ್ಲ, ಅದೂ ಸುಳ್ಳೇ.

ಪಾಕೀಟು ಕತ್ತರಿಸಿದೆ. ಮೊದಲು ಕಂಡದ್ದು ಎಮ್ಮೆಗೆ ಹಾಕುವ ಹಿಂಡಿ ಗುಳಿಗೆಯಂತಹದೇ ಸಣ್ಣ ಸಣ್ಣ ತುಂಡುಗಳು. ಇದಕ್ಕೆ ಇಷ್ಟೊಂದು ಸಡಗರವೇ ಎಂದುಕೊಂಡೆ. ಆಮೇಲೆ ವಾಸನೆ ಬಂತು. ಹಸಿ ಮಾವಿನಕಾಯಿಯ ತೊಟ್ಟು ಮುರಿದಾಗ ಸೊನೆ ಚಿಮ್ಮುತ್ತದಲ್ಲ, ಅದೇ ವಾಸನೆ. ಅದರ ಹಿಂದೆ ಮೋಸಂಬಿ ಸಿಪ್ಪೆ. ಅದರ ಹಿಂದೆ ಮಳೆ ಬಿದ್ದ ಮೇಲಿನ ಹುಲ್ಲು. ನಾನು ಕಿತ್ತೂರಿನ ಹತ್ತಿರದ ತವರಿನಲ್ಲಿ ಏಳನೆಯ ಇಯತ್ತೆ ಓದುವಾಗ ಸಾಲಿಯ ಹಿಂದೆ ಒಂದು ಮಾವಿನ ಗಿಡವಿತ್ತು. ಕೈಗೆ ಸೊನೆ ಹತ್ತಿಸಿಕೊಂಡು ಪಾಟಿಯ ಮೇಲೆಲ್ಲ ಕಲೆ ಮಾಡಿ ಮಾಸ್ತರರ ಕೈಲಿ ಬೈಸಿಕೊಂಡದ್ದು ಐವತ್ತು ವರ್ಷದ ಮೇಲೆ ನೆನಪಾಯಿತು. ಪುಷ್ಯಮಾಸದ ಚಳಿಯಲ್ಲಿ, ಕತ್ತಲ ಕೋಣೆಯಲ್ಲಿ, ಪಾಕೀಟು ಮೂಗಿಗೆ ಹಿಡಿದು ಎಷ್ಟು ಹೊತ್ತು ನಿಂತೆನೋ.

ಚೀಲಕ್ಕೆ ಕಲ್ಲು ಹಾಕಿ, ಗುಳಿಗೆ ಹಾಕಿ, ಸಡಿಲವಾಗಿ ಕಟ್ಟಿ, ಮುಚ್ಚಳ ತೆಗೆದು ಬಿಟ್ಟೆ. ನೀರಿಗೆ ಕೊಡ ಇಳಿದಂತೆ ಮೆಲ್ಲಗೆ ಇಳಿಯಿತು. ಮುಚ್ಚಳ ಬಿಗಿದೆ.

ಕೈ ತೊಳೆಯುವಷ್ಟರಲ್ಲಿ ಗೋಡೆಯ ಕಿಂಡಿಯಿಂದ ನೆಗೆಣ್ಣಿಯ ದನಿ ಬಂತು. ನಿಮ್ಮ ದೊಡ್ಡಜ್ಜನ ಹೆಂಡತಿ, ನೀವು ದೊಡ್ಡಾಯಿ ಎನ್ನುತ್ತೀರಲ್ಲ, ಅವರು. ಎರಡೂ ಮನೆಗೆ ಗೋಡೆ ಒಂದೇ, ಗೋಡೆಯ ಆ ಕಿಂಡಿಯಲ್ಲಿ ಹೆಪ್ಪಿನ ಮಜ್ಜಿಗೆ, ಕರಿಬೇವು, ಊರ ಸುದ್ದಿ ಎಲ್ಲ ಆ ಕಡೆ ಈ ಕಡೆ ಹೋಗುತ್ತ ಬರುತ್ತ ಇರುತ್ತವೆ.

"ಏ ತಂಗೀ! ಮಾವಿನಕಾಯಿ ಎಲ್ಲಿಂದ ಬಂದ್ವ ನಿನಗ ಈ ಥಂಡ್ಯಾಗ?"

ನಾನು ಹತ್ತು ಜನರ ಮುಂದೆ ಮಾತಾಡಿದವಳಲ್ಲ. ಬಸ್ಸಿನಲ್ಲಿ ಕಂಡಕ್ಟರನಿಗೆ ಊರ ಹೆಸರು ಹೇಳಲೂ ಬಾಯಿ ಒಣಗುತ್ತದೆ. ಆದರೆ ಸುಳ್ಳು ಮಾತ್ರ ಹೇಗೋ ತಟ್ಟನೆ ಬಂತು.

"ಮಾವಿನಕಾಯಿ ಅಲ್ರಿ ಅಕ್ಕಾ. ಅಂಬಿಹಳದಿ. ಉಪ್ಪಿನಕಾಯಿ ಹಾಕೇನಿ."

ಅಂಬಿಹಳದಿ ನೋಡಲು ಶುಂಠಿಯಂತೆ, ವಾಸನೆ ಮಾತ್ರ ಮಾವಿನಕಾಯಿಯದು. ಚಳಿಗಾಲದಲ್ಲೇ ಬರುತ್ತದೆ. ಸುಳ್ಳು ಚೆನ್ನಾಗಿ ಕೂತಿತು.

"ಚೊಲೊ ಆತು. ದಿನಾ ತಿರವು ಮತ್ತ. ಹ್ವಾದ ವರ್ಸ ನಾ ತಿರವದ ಬಿಟ್ಟಿದ್ದಕ್ಕ ಭರಣಿ ತುಂಬ ಬೂರಸ ಹಿಡೀತು. ಮಸಾಲಿ ಮ್ಯಾಲಷ್ಟ ಕುಂತ್ರ ತಳಕ್ಕ ಏನ ಹತ್ತತೈತಿ, ಮಣ್ಣ?"

ಅವರು ಅದನ್ನು ಉಪ್ಪಿನಕಾಯಿಗೆ ಹೇಳಿದರು. ನನಗೆ ನಾಟಿದ್ದು ಡ್ರಮ್ಮಿನ ಬಗ್ಗೆ. ನಲವತ್ತು ವರ್ಷ ಉಪ್ಪಿನಕಾಯಿ ಹಾಕಿದ ಕೈ ಇದು. ಹೊಸ ಉಪ್ಪಿನಕಾಯಿಯನ್ನು ಮೊದಲ ವಾರ ದಿನಾ ತಿರುವದೆ ಬಿಡುವ ಹೆಂಗಸು ನಮ್ಮಲ್ಲಿ ಯಾರೂ ಇಲ್ಲ. ಅಷ್ಟು ದುಬಾರಿ ಹೂವು ಚೀಲದಲ್ಲಿ ಒಂದೇ ಕಡೆ ಕೂತಿದೆ, ಡ್ರಮ್ಮಿನ ಮೂಲೆಗೆಲ್ಲ ವಾಸನೆ ಹೇಗೆ ಹತ್ತಬೇಕು? ಮಗಳು ಬಿಟ್ಟುಬಿಡು ಎಂದಿದ್ದಳು, ನಿಜ. ಆದರೆ ಬಿಡುವುದೆಂದರೆ ತಿರುವಬೇಡ ಎಂದು ಅರ್ಥವೇ? ಉಪ್ಪಿನಕಾಯಿಯನ್ನೂ ಒಂದು ತಿಂಗಳು ಬಿಟ್ಟುಬಿಡು ಎನ್ನುತ್ತೇವೆ, ತಿರುವುವುದು ಅದರೊಳಗೇ ಸೇರಿರುತ್ತದೆ. ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಬುಧವಾರ ಬೆಳಿಗ್ಗೆ ಉದ್ದನೆಯ ಸೌಟನ್ನು ಕುದಿಸಿ, ಒಣಗಿಸಿ, ಮುಚ್ಚಳ ತೆಗೆದು ಚೀಲವನ್ನು ಮೆಲ್ಲಗೆ ಒತ್ತಿ ಒಂದು ಸುತ್ತು ತಿರುವಿದೆ. ವಾಸನೆ ಎದ್ದು ಬಂದು ಮುಖಕ್ಕೆ ಹೊಡೆಯಿತು. ಒಳ್ಳೆಯದಾಗುತ್ತಿದೆ ಎಂದು ಹಿಗ್ಗಿದೆ. ಸಂಜೆ ಇನ್ನೊಮ್ಮೆ. ಗುರುವಾರ ಬೆಳಿಗ್ಗೆ ಮತ್ತೊಮ್ಮೆ.

ಗುರುವಾರ ಮಧ್ಯಾಹ್ನ ಅವಳ ಫೋನು ಬಂತು. "ಹೆಂಗೈತಿ ಯವ್ವಾ?"

"ಚೊಲೊ ಐತಿ."

"ಮುಚ್ಚಳಾ ಬಿಗಿ ಐತಿಲ್ಲೊ? ನಿನ್ನೆ ಇಲ್ಲೊಬ್ಬಾಂವ ಟ್ಯಾಂಕಿನ ಬಾಯಿ ಬರೇ ಹತ್ತ ನಿಮಿಷ ತಗದಿಟ್ಟಿದ್ದ. ಗಾಳಿ ಹೊಕ್ಕು ಎಲ್ಲಾ ಕೆಟ್ಟು ಕೂತೈತಿ. ಹೂವಿನ ವಾಸನಿ ಹೋಗಿ ಒದ್ದಿ ರಟ್ಟಿನ ವಾಸನಿ. ನಾ ಅಂದ್ಯಾ, ನಮ್ಮವ್ವಗ ಹೇಳಿದ್ರೂ ಇದಕ್ಕಿಂತ ಚೊಲೊ ಮಾಡತಾಳಂತ."

"ಹೂಂ" ಎಂದೆ. ಅವಳು ನಿಮ್ಮಿಬ್ಬರ ಸುದ್ದಿ ಏನೋ ಹೇಳಿ ಫೋನು ಇಟ್ಟಳು.

ರೊಟ್ಟಿ ಬಡಿಯಲು ಕೂತೆ. ಎರಡು ರೊಟ್ಟಿ ಹರಿದವು. ಮೂರನೆಯದು ಹಂಚಿನ ಮೇಲೆ ಕರಕಾಯಿತು. ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಶನಿವಾರ ಬಂದು ನೋಡಿ, ತನ್ನದೇ ಲೆಕ್ಕ ತಪ್ಪಿತು ಎಂದುಕೊಳ್ಳುತ್ತಿದ್ದಳು. ಪುಣೆಯವನು ಬರುತ್ತಿದ್ದ. ಅವಳು ಟ್ಯಾಂಕು ತೊಳೆಯುತ್ತ ಇರುತ್ತಿದ್ದಳು. ಐದು ವರ್ಷ ಸುಮ್ಮನಿದ್ದವಳಿಗೆ ಇನ್ನೊಂದು ಸಲ ಸುಮ್ಮನಿರುವುದು ಕಷ್ಟವೇನಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು. ಒಲೆ ಆರಿಸಿ, ಹಿಟ್ಟಿನ ಕೈಯಲ್ಲೇ ಫೋನು ಹಚ್ಚಿದೆ.

"ಮಗಳ, ನಾ ಮುಚ್ಚಳಾ ತಗದೇನಿ. ಮೂರ ಸಲ. ಉಪ್ಪಿನಕಾಯಿ ತಿರವಿದಂಗ ತಿರವೇನಿ."

ಆ ಕಡೆ ಸದ್ದಿಲ್ಲ. ನಾನು ಸುಮ್ಮನಾಗುವ ಹಾಗೆಯೇ ಅವಳೂ ಸುಮ್ಮನಾದಳು. ಅದು ಎಷ್ಟು ಭಾರ ಎಂದು ಆಗ ನನಗೆ ತಿಳಿಯಿತು.

"ಬೈಯರೆ ಬೈ," ಎಂದೆ.

"ಬೈಯಾಕ ಈಗ ಟೈಮಿಲ್ಲ," ಎಂದಳು ಕಡೆಗೆ. "ಇನ್ನ ಮುಟ್ಟಬ್ಯಾಡ. ನಾಳೆ ಮೊದಲನೇ ಬಸ್ಸಿಗಿ ಬರತೇನಿ."

ಶುಕ್ರವಾರ ಬಂದವಳು ಚಪ್ಪಲಿ ಬಿಟ್ಟು ನೇರ ಕೋಣೆಗೆ ಹೋದಳು. ಡ್ರಮ್ಮಿನ ಬುಡದ ನಲ್ಲಿಯಿಂದ ಒಂದು ಗಾಜಿನ ಲೋಟಕ್ಕೆ ಸ್ವಲ್ಪ ಇಳಿಸಿ ಬೆಳಕಿಂಡಿಯ ಕೆಳಗೆ ಹಿಡಿದಳು. ಮೂಸಿದಳು. ಒಂದು ಗುಟುಕು ಬಾಯಲ್ಲಿ ಹಿಡಿದು ಉಗುಳಿದಳು. ನಾನು ಹೊಸ್ತಿಲ ಮೇಲೆ ಸೆರಗಿನ ತುದಿ ಹಿಂಡುತ್ತ ನಿಂತಿದ್ದೆ. ಮತ್ತೆ ಮೂಸಿದಳು.

"ಯವ್ವಾ, ಹೆಂಗ ತಿರವಿದಿ? ಮಾಡಿ ತೋರಸು."

ನೀರಿನ ಬಕೀಟಿನಲ್ಲಿ ಸೌಟು ಅದ್ದಿ ತೋರಿಸಿದೆ. ನಾವು ಉಪ್ಪಿನಕಾಯಿ ತಿರುವುವುದು ತಳದಿಂದ, ಹೋಳು ಒಡೆಯದಂತೆ, ಎಣ್ಣೆಯಲ್ಲಿ ಗುಳ್ಳೆ ಏಳದಂತೆ, ನಿಧಾನ. ಅವಳು ನೋಡುತ್ತ ನೋಡುತ್ತ ನಗತೊಡಗಿದಳು.

"ನಾಲ್ಕ ದಿನಕ್ಕ ಬರಬೇಕಾದ ವಾಸನಿ ಮೂರ ದಿನಕ್ಕ ಬಂದೈತಿ. ನೀ ತಿರವಿದ್ದಕ್ಕ. ದೊಡ್ಡ ಟ್ಯಾಂಕಿನ್ಯಾಗ ನಾವೂ ಕೆಳಗಿಂದ ಗ್ಯಾಸ್ ಬಿಟ್ಟು ಹೂವ ಎಬ್ಬಸ್ತೇವಿ. ನಾ ಮನ್ಯಾಗ ಅದನ್ನ ಹೆಂಗ ಮಾಡೂದಂತ ಇಚಾರ ಮಾಡಿರಲಿಲ್ಲ. ನೀ ಮಾಡಿದಿ, ಆದ್ರ ಮುಚ್ಚಳಾ ತಗದ ಮಾಡಿದಿ. ಬಣ್ಣ ಒಂದೀಟು ಕಂದಾಗೇತಿ ನೋಡು. ಗಾಳಿ ಹೊಕ್ಕೈತಿ."

"ಹಂಗಾರ ಕೆಟ್ಟಿತೇನ?"

"ನಾಳೆ ತನಕ ಬಿಟ್ಟಿದ್ರ ಕೆಡತಿತ್ತು. ನೀ ಹೇಳಿದ್ದ ಚೊಲೊ ಆತು."

ಅಂದೇ ಬಾಟಲಿಗೆ ತುಂಬಿದೆವು. ಸ್ವಲ್ಪ ಸಕ್ಕರೆ ಪಾಕ ಬೆರೆಸಿದಳು. ಒಳಗಿನ ಈಸ್ಟಿಗೆ ಮತ್ತೊಮ್ಮೆ ಊಟ ಹಾಕಿದರೆ, ಅದು ತಿನ್ನುವಾಗ ಒಳಹೊಕ್ಕ ಗಾಳಿಯನ್ನೂ ಒಂದಿಷ್ಟು ಎಳೆದುಕೊಳ್ಳುತ್ತದಂತೆ, ಬಿಯರಿಗೆ ನೊರೆಯೂ ಬರುತ್ತದಂತೆ. ಅವಳು ತುಂಬುವುದು, ನಾನು ಬಾಟಲಿ ಒರೆಸಿ ಜೋಳದ ಚೀಲಗಳ ನಡುವೆ ನಿಲ್ಲಿಸುವುದು. ಒಂದಿಪ್ಪತ್ತು ಬಾಟಲಿ ಆದ ಮೇಲೆ ನಾನು ಕೇಳಿದೆ.

"ಅಲ್ಲೆ ನಿಮ್ಮ ಟ್ಯಾಂಕು ಎಷ್ಟ ದೊಡ್ಡು ಇರತಾವ?"

ಅವಳ ಕೈ ನಿಂತಿತು. ಬಾಟಲಿ ತುಂಬಿ ಮೇಲೆ ಹರಿಯಿತು. ಐದು ವರ್ಷದಲ್ಲಿ ಅವಳ ಹೋಟೆಲಿನ ಕೆಲಸದ ಬಗ್ಗೆ ನಾನು ಕೇಳಿದ ಮೊದಲ ಪ್ರಶ್ನೆ ಅದು. ಅವಳು ನಲ್ಲಿ ಬಿಗಿದು, ಎದ್ದು ನಿಂತು, ಕೈ ಮೇಲೆತ್ತಿ, ಮಾಳಿಗೆಯ ತೊಲೆಗೆ ಬೆರಳು ಮುಟ್ಟಿಸಲು ಹಾರಿದಳು. "ಇಷ್ಟ! ಇದಕ್ಕಿಂತಾ ಒಂದ ಗೇಣ ಹೆಚ್ಚ!" ಎಂದಳು. ಆಮೇಲೆ ಅವಳ ಮಾತು ನಿಲ್ಲಲೇ ಇಲ್ಲ. ಟ್ಯಾಂಕಿನೊಳಗೆ ಇಳಿದು ತೊಳೆಯುವಾಗ ಹಾಡಿದರೆ ದನಿ ಹೇಗೆ ಗುಂಯ್‌ಗುಡುತ್ತದೆ, ಮೊದಲ ವಾರ ಮೈಯ ಹುಳಿವಾಸನೆಗೆ ನೀವು ಅವಳ ಹತ್ತಿರ ಮಲಗುವುದಿಲ್ಲವೆಂದು ಹೇಗೆ ಹಟ ಮಾಡಿದಿರಿ, ಎಲ್ಲ ಹೇಳಿದಳು. ಸಂಜೆಯ ಬಸ್ಸಿನ ಹೊತ್ತಾಗುವ ತನಕ ಹೇಳಿದಳು.

ಎರಡು ವಾರ ಕಳೆದು ಬಾಟಲಿಗಳನ್ನು ಒಯ್ದಳು. ಮಾಲಕರು ರುಚಿ ನೋಡುವ ದಿನ ನಾನು ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಫೋನನ್ನು ಮೊರದಲ್ಲೇ ಇಟ್ಟುಕೊಂಡಿದ್ದೆ. ಅದು ಬಡಿದುಕೊಂಡಾಗ ಮೆಣಸಿನಕಾಯಿಯೆಲ್ಲ ನಡುಗಿದವು.

"ವಾಸನಿಗಿ ಒಪ್ಯಾರ ಯವ್ವಾ. ಎರಡನೇ ಲೋಟಾ ಕೇಳಿ ತಗೊಂಡ್ರು. ಆದ್ರ ಬಣ್ಣಕ್ಕ ಒಪ್ಪಿಲ್ಲ. ಇದು ತಿಂಗಳ ದಿನಾ ತಡಿಯೂದಿಲ್ಲ ಅಂದ್ರು. ಖರೇ ಐತಿ."

"ಹಂಗಾರ ಪುಣೆದಾಂವ?"

"ನಾ ನಡದದ್ದೆಲ್ಲಾ ಹೇಳಿದ್ಯಾ. ನಮ್ಮವ್ವ ತಿರವ್ಯಾಳ ಅಂತ. ಅವರು ಭಾಳ ನಕ್ರು. ಪುಣೆದಾಂವಗ ಒಂದ ತಿಂಗಳ ತಡಿ ಅಂತ ಹೇಳತೇನಿ, ಇನ್ನೊಂದ ಸಲ ಮಾಡ್ಕೊಂಬಾ, ಬಣ್ಣ ಸರಿ ಇರ್ಲಿ ಅಂದಾರ."

ಎರಡನೆಯದು ಇಲ್ಲ ಎಂದಿದ್ದದ್ದು ಎರಡನೆಯದಾಯಿತು. ನಾನು ಮೆಣಸಿನಕಾಯಿ ಕೈಯಲ್ಲೇ ಕಣ್ಣು ಒರೆಸಿಕೊಂಡು ಆಮೇಲೆ ಪಟ್ಟ ಪಾಡು ಬೇರೆ.

ಮತ್ತೆ ಬಂದಳು, ಮತ್ತೆ ಕುದಿಸಿದೆವು, ಮತ್ತೆ ಗುಳುಗುಳು ಕೇಳಿತು. ಈ ಸಲ ಹೂವು ಹಾಕುವ ದಿನ ಅವಳೂ ಇದ್ದಳು. ಅದು ಮಂಗಳವಾರವೇ ಎಂದು ಬೇರೆ ಹೇಳಬೇಕಿಲ್ಲ. ಅದೇ ಮೂರು ಕಲ್ಲು ಹಾಕಿ ಚೀಲ ಇಳಿಸಿ ಮುಚ್ಚಳ ಬಿಗಿದ ಮೇಲೆ, "ಈಗ ಮುಚ್ಚಳಾ ತಗೀದಂಗ ತಿರವೂದು ಹೆಂಗ ಅಂದ್ರ, ತೊಟ್ಟಲಾ ತೂಗಿದಂಗ ಡ್ರಮ್ಮ ತೂಗೂದು" ಎಂದಳು. ಹಿಡಿದು ತೂಗಲು ನೋಡಿದೆವು. ಅವಳಿಗೆ ಸೊಂಟ ಹಿಡಿಯಿತು, ನನಗೆ ಕೈ ಸಾಲಲಿಲ್ಲ. ಅಷ್ಟರಲ್ಲಿ ಕಿಂಡಿಯಲ್ಲಿ ದನಿ.

"ತಂಗೀ, ಅಂಬಿಹಳದಿ ವಾಸನಿ ಮತ್ತ ಬಂತು. ಹ್ವಾದ ಸಲದ್ದ ಒಂದ ಹೋಳರೆ ಕೊಟ್ಟೇನ ನೀ ನನಗ?"

ನಾನು ನಿಮ್ಮ ಅವ್ವನ ಮುಖ ನೋಡಿದೆ. ಅವಳು ತಲೆ ತಗ್ಗಿಸಿ ಗೋಣಿಚೀಲ ಸರಿಮಾಡುತ್ತಿದ್ದಳು. ಇನ್ನೊಂದು ಸುಳ್ಳನ್ನು ನಾನೇ ಹೇಳುತ್ತೇನೆ ಎಂದು ಕಾಯುತ್ತಿದ್ದಳು. ಹಾಗೆ ಕಾಯುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು.

"ಅಕ್ಕಾ, ಈ ಕಡೆ ಬರ್ರಿ," ಎಂದೆ. "ಉಪ್ಪಿನಕಾಯಿ ಇಲ್ರಿ. ನನ್ನ ಮಗಳು ಬಿಯರ್ ಮಾಡಾಕತ್ತಾಳ. ಅದ ಆಕಿ ಕೆಲಸ. ಡೇರಿ ಅಲ್ರಿ."

ನೆಗೆಣ್ಣಿ ಸುತ್ತು ಹಾಕಿ ಬಾಗಿಲಿಂದ ಬಂದರು. ಕೋಣೆಯ ಹೊಸ್ತಿಲಲ್ಲಿ ನಿಂತು ಡ್ರಮ್ಮನ್ನು ಮೇಲಿಂದ ಕೆಳಗೆ ನೋಡಿದರು.

"ಡೇರಿ ಅಲ್ಲಂತ ನನಗ ಯಾವಾಗೋ ಗೊತ್ತೈತಿ," ಎಂದರು. "ಐದ ವರ್ಸ ಡೇರ್ಯಾಗ ಇದ್ದಾಕಿ ಒಂದ ದಿನಾ ಒಂದ ಪೇಡೆ ತಂದಿಲ್ಲ. ಯಾ ಡೇರಿ ಅದು?"

ನಿಮ್ಮ ಅವ್ವ ಬಿದ್ದು ಬಿದ್ದು ನಕ್ಕಳು. ನೆಗೆಣ್ಣಿಗೆ ಇನ್ನೂ ಸಿಟ್ಟಿತ್ತು, ಬಿಯರಿನ ಮೇಲಲ್ಲ, ಉಪ್ಪಿನಕಾಯಿಯ ಮೇಲೆ. "ನಾ ಇದನ್ನ ಕುಡಿಯಾಕಿ ಅಲ್ಲ, ನಿಮ್ಮ ದೊಡ್ಡಪ್ಪಗ ತೋರಿಸಂಗೂ ಇಲ್ಲ, ಚೊಲೊ ಅಂತೂ ಅನ್ನಂಗಿಲ್ಲ. ಆದ್ರ ಇಷ್ಟ ಭಾರ ಇದನ್ನ ನೀವಿಬ್ಬರ ತೂಗಿದ್ರ ನಾಳೆ ದವಾಖಾನಿಗಿ ನಾನ ಬರಬೇಕಾಗತೈತಿ. ಸರೀ ಅತ್ತಾಗ," ಎಂದು ಸೆರಗು ಸಿಗಿಸಿ ಡ್ರಮ್ಮಿನ ಒಂದು ಕಡೆ ಹಿಡಿದರು. ಇನ್ನೊಂದು ಕಡೆ ನಾನು. ಅದರ ಬುಡ ನೆಲದಲ್ಲೇ ಇಟ್ಟು, ಮುಚ್ಚಳ ತೆಗೆಯದೆ, ಆ ಕಡೆಯಿಂದ ಈ ಕಡೆಗೆ ಮೆಲ್ಲಗೆ ವಾಲಿಸಿದೆವು. ಒಳಗೆ ನಿಮ್ಮ ಕಲ್ಲುಗಳು ಕಟಕಟ ಎಂದವು. ಮರುದಿನ ನಿಮ್ಮ ಅವ್ವ ಹೋದಳು. ನಾವಿಬ್ಬರೂ ದಿನಕ್ಕೆ ಎರಡು ಹೊತ್ತು ತೂಗಿದೆವು. ನೆಗೆಣ್ಣಿ ಒಮ್ಮೆ ಜೋಗುಳವನ್ನೂ ಹಾಡಿದರು, ಯಾರಿಗೂ ಹೇಳಬೇಡ ಎಂದಿದ್ದಾರೆ.

ಈ ಸಲದ ಬಣ್ಣ ಹೊಸ ಜೇನಿನಂತೆ ಬಂತು. ಬಾಟಲಿಯ ಮುಚ್ಚಳ ತೆಗೆದಾಗ ನಿಮ್ಮ ಅವ್ವ ಲೋಟವನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ನಾನು ಕುಡಿಯಲಿಲ್ಲ, ಅವಳು ಕುಡಿ ಎನ್ನಲೂ ಇಲ್ಲ. ಮೂಸಿದೆ. ಸಾಲಿಯ ಹಿಂದಿನ ಗಿಡ, ಸೊನೆ ಹತ್ತಿದ ಪಾಟಿ, ಎಲ್ಲ ಅಲ್ಲಿದ್ದವು. ಮಾಲಕರಿಗೂ ಸರಿಕಂಡಿತು. ಪುಣೆಯವನಿಗೆ ಬರಬೇಡ ಎಂದು ಹೇಳಿದರಂತೆ. ಯುಗಾದಿಯ ಮರುವಾರ ಅವಳು ತನ್ನ ಟ್ಯಾಂಕಿಗೆ ತಾನೇ ಹೂವು ಸುರಿದಳು. ಅದರ ಫೋಟೋ ನನ್ನ ಫೋನಿನಲ್ಲಿದೆ. ಏಣಿಯ ಮೇಲೆ ನಿಂತಿದ್ದಾಳೆ. ತಲೆಗೆ ಟೋಪಿ, ಕಾಲಿಗೆ ರಬ್ಬರಿನ ಬೂಟು, ಮುಖದ ತುಂಬ ನಗು.

ಕಲ್ಲುಗಳನ್ನು ತೊಳೆದು ಮೊನ್ನೆ ತಿರುಗಿ ಕಿಟಕಿಯಲ್ಲಿಟ್ಟಿದ್ದೇನೆ. ಏಳೂ ಇವೆ, ಎಣಿಸಿಕೊಳ್ಳಿ. ಅವುಗಳಲ್ಲಿ ಮೂರನ್ನು ಎಷ್ಟು ತೊಳೆದರೂ ವಾಸನೆ ಪೂರ್ತಿ ಹೋಗಿಲ್ಲ. ಯಾವ ಮೂರು ಎಂದು ನಾನು ಹೇಳುವುದಿಲ್ಲ. ಬಂದಾಗ ನೀವೇ ಮೂಸಿ ನೋಡಿ.